ಸ್ಕೂಟಿಯೊಳಗಿನ ಮರಿ

ಮೆಕ್ಯಾನಿಕ್ ಶಫೀಕ ಸ್ಕೂಟಿಗೆ ಹೊಸ ಹಾರ್ನಿನ ಕೊನೆಯ ವೈರು ಸಿಕ್ಕಿಸುತ್ತಿದ್ದಾಗಲೇ, ಶಿರಹಟ್ಟಿ ರಸ್ತೆಯ ನಟ್ಟನಡುವೆ ನಡೆದು ಬರುತ್ತಿದ್ದ ಅಪ್ಪ ಅಂದಾನಪ್ಪ ಕಾಂಚನಾಳಿಗೆ ಕಂಡ. ಹಿಂದೆ ಲಾರಿಯೊಂದು ಒದರುತ್ತಾ ಬರುತ್ತಿತ್ತು. ಅಂದಾನಪ್ಪ ತಿರುಗಿಯೂ ನೋಡಲಿಲ್ಲ. ಆಯುಷ್ಯವಿಡೀ ಇದೇ ರಸ್ತೆಯಲ್ಲಿ ಆಡು ಹೊಡೆದುಕೊಂಡು ನಡೆದವನು. ಗಾಡಿಗಳೇ ತನಗಾಗಿ ನಿಲ್ಲುವುದು ಅವನಿಗೆ ರೂಢಿ. ಆಡುಗಳನ್ನು ಮಾರಿದ ಮೇಲೂ ಆ ನಡಿಗೆ ಬದಲಾಗಿರಲಿಲ್ಲ. ಅವನಿಗಾಗಿಯೇ ಅವಳು ಈ ಹಾರ್ನು ಹಾಕಿಸುತ್ತಿದ್ದಳು.

“ಒತ್ರಿ ಅಕ್ಕಾರ, ಜಲ್ದಿ ಒತ್ರಿ!” ಎಂದು ಶಫೀಕ ಕೂಗಿದ.

ಒತ್ತಿದಳು. ಸ್ಕೂಟಿಯೊಳಗಿಂದ ಆಡಿನ ಮರಿಯೊಂದು “ಮ್ಯಾಂ...” ಎಂದು ಅರಚಿತು. ಅಂದಾನಪ್ಪ ತಟ್ಟನೆ ತಲೆಯೆತ್ತಿ, ತಪ್ಪಿಸಿಕೊಂಡ ಮರಿಯನ್ನು ಹಿಡಿಯುವವನಂತೆ ಎರಡೂ ಕೈ ಚಾಚಿಕೊಂಡು ಅಂಗಡಿಯತ್ತ ಓಡಿಬಂದ. ಅವನು ಬಿಟ್ಟ ಜಾಗದಲ್ಲೇ ಲಾರಿ ಧೂಳೆಬ್ಬಿಸುತ್ತಾ ಹಾದುಹೋಯಿತು. ಕಾಂಚನಾಳ ಹೆಬ್ಬೆರಳು ಹಾರ್ನಿನಿಂದ ಏಳಲೇ ಒಲ್ಲದಾಯಿತು. ಮರಿ ಅರಚುತ್ತಲೇ ಇತ್ತು.

“ಎಲ್ಲೈತಬೇ ಮರಿ?”

“ಗಾಡ್ಯಾಗ ಐತಪಾ,” ಎನ್ನುವಷ್ಟರಲ್ಲಿ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅಂದಾನಪ್ಪ ಬಗ್ಗಿ ಹಾರ್ನಿಗೆ ಕಿವಿಗೊಟ್ಟ. ಮಗಳ ಮುಖ ನೋಡಿದ. ಆಮೇಲೆ ತಾನಾಗಿಯೇ ಹಿಂದಿನ ಸೀಟನ್ನೇರಿ ಕುಳಿತು ಹೇಳಿದ:

“ಸಾಕು ಬಿಡವ್ವಾ, ಹಸದೈತಿ ಅದು. ಮನಿಗೆ ನಡಿ.”