ಸೆರಗಿನ ಕಸ

ಒಂದು ನಿಮಿಷ, ಇದನ್ನು ಪೂರ್ತಿ ಕೇಳಿಬಿಡಿ! ರಾಯಚೂರಿನ ನೂಲಿನ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುವ ದುರ್ಗಾಳ ಮುಂದೆ ಮಾಲೀಕ ಹೊರದೇಶದ ಹತ್ತಿ ಸುರಿದ. "ಸರ್ಕಾರದೋರು ಸುಂಕ ತೆಗದಾರ, ಅಗ್ಗ ಆಗ್ಯದ. ಕಸ ಇಲ್ಲಂದ್ರ ಇನ್ಮ್ಯಾಲ ಇದನ್ನೇ ತರಸ್ತೀನಿ. ನೋಡಿ ಹೇಳು ಬೇ."

ದುರ್ಗಾ ಹಿಂಜಿ ನೋಡಿದಳು. ಒಂದು ಎಲೆಚೂರೂ ಇಲ್ಲ! ಕಸವೇ ಇಲ್ಲದಿದ್ದರೆ ಆರಿಸುವವರು ಯಾಕೆ ಬೇಕು?

"ಖರೇ ಹೇಳಿ ನಮ್ಮನ್ನ ಮನಿಗೆ ಕಳಸಬ್ಯಾಡ ಯವ್ವಾ," ಪಕ್ಕದಲ್ಲಿ ಕಸ ಆರಿಸುತ್ತಿದ್ದ ಮೂಕಮ್ಮ ಪಿಸುಗುಟ್ಟಿದಳು.

ಬೆಳಿಗ್ಗೆ ಇಲ್ಲೇ ಹತ್ತಿರದ ದೇವದುರ್ಗದ ಹತ್ತಿಯಲ್ಲಿ ಆರಿಸಿದ ಕಸ ಇನ್ನೂ ದುರ್ಗಾಳ ಸೆರಗಿನಲ್ಲೇ ಇತ್ತು. ಮಾಲೀಕ ಫೋನೆತ್ತಿ ಅತ್ತ ತಿರುಗಿದ. ಅವಳು ಒಂದು ಚಿಟಿಕೆ ಕಸ ತೆಗೆದು ಆ ಬೆಳ್ಳನೆಯ ರಾಶಿಗೆ ಉದುರಿಸಿದಳು.

"ಕಸ ಅದ ರೀ," ಎಂದಳು. ಫೋನಿಟ್ಟು ಇತ್ತ ತಿರುಗಿದ ಮಾಲೀಕ ರಾಶಿಯನ್ನು ನೋಡಲಿಲ್ಲ, ಅವಳ ಸೆರಗನ್ನೇ ನೋಡುತ್ತಿದ್ದ. "ಸೆರಗು ಝಾಡಸು ಬೇ."

ದುರ್ಗಾಳ ಜಾಗದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?