ಗೋಡೌನಿನ ಬೊನಿಫಾಸಿಯೊ

ಬೊನಿಫಾಸಿಯೊ ಸ್ಪೇನಿನ ಅಧಿಕಾರಿಗೆ ‘ಸರ್’ ಎಂದುಬಿಟ್ಟ. ತಾಲೀಮು ನೋಡುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾಟಕ ಮಾಡಿಸುತ್ತಿದ್ದ ನರ್ಸ್ ತೆರೇಸಿತಾ ಮಾತ್ರ ನಗಲಿಲ್ಲ.

“ಲಿತೊ, ಇದು ಮೂರನೇ ಸಲ. ಬೊನಿಫಾಸಿಯೊ ನಮ್ಮ ಕ್ರಾಂತಿಯ ನಾಯಕ. ಅವನು ಸ್ಪೇನಿನವನಿಗೆ ಸರ್ ಅಂತಾನಾ?”

ಲಿತೊ ತಲೆ ತಗ್ಗಿಸಿದ. ಎದೆಗೆ ಕಾಗದದ ಪದಕ ಅಂಟಿಸಿಕೊಂಡು ಅವನೆದುರು ನಿಂತಿದ್ದ ಅಧಿಕಾರಿ ಬೇರಾರೂ ಅಲ್ಲ, ಗಲ್ಫಿನ ಸುಲೈಬಿಯಾದ ಗೋಡೌನಿನಲ್ಲಿ ಅವನ ಸೂಪರ್‌ವೈಸರ್ ಡೋಲ್ಫಿ. ಫಿಲಿಪೀನ್ಸಿನವರು ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆ ಘೋಷಿಸಿಕೊಂಡು 1998ರ ಜೂನ್ ಹನ್ನೆರಡಕ್ಕೆ ನೂರು ವರ್ಷ ತುಂಬುತ್ತಿತ್ತು. ಅದೃಷ್ಟಕ್ಕೆ ಅಂದು ಶುಕ್ರವಾರ, ಎಲ್ಲರಿಗೂ ರಜೆ. ಸಲ್ವಾದ ಒಂದು ಸಭಾಂಗಣದಲ್ಲಿ ನಾಟಕ ನಿಗದಿಯಾಯಿತು. ಆದರೆ ಸ್ಪೇನಿನವನ ವೇಷ ಹಾಕಲು ಇಲ್ಲಿದ್ದ ಫಿಲಿಪೀನ್ಸಿನವರಲ್ಲಿ ಒಬ್ಬನೂ ಒಪ್ಪಲಿಲ್ಲ. ಆಗ ಕಣ್ಣಿಗೆ ಬಿದ್ದವನು ಮಂಗಳೂರಿನ ಡೋಲ್ಫಿ. ಆರಡಿ ಎತ್ತರ, ಹುರಿ ಮೀಸೆ, ಮೇಲಾಗಿ ಊರಿನ ಇಗರ್ಜಿಯಲ್ಲಿ ಕೊಂಕಣಿ ನಾಟಕ ಆಡಿ ಅಭ್ಯಾಸವಿದ್ದವನು.

ತಾಲೀಮು ಮುಗಿದ ಮೇಲೆ ಡೋಲ್ಫಿ ಲಿತೊನನ್ನು ಕಾರಿನಲ್ಲಿ ಕಾರ್ಮಿಕರ ಕ್ಯಾಂಪಿಗೆ ಬಿಡಲು ಹೊರಟ. “ಎಂತ ಹೆದರಿಕೆ ನಿಂಗೆ? ಅದು ನಾಟಕ ಮಾರಾಯ.”

“ನಂಗೆ ಗೊತ್ತು ಸರ್. ಗಂಟಲಿಗೆ ಗೊತ್ತಿಲ್ಲ.” ಲಿತೊ ಕಿಟಕಿಯ ಗಾಜು ಏರಿಸಿದ. “ನಾಟಕಕ್ಕೆ ಗೋಡೌನಿನ ಮ್ಯಾನೇಜರನ್ನೂ ಕರೆದಿದ್ದಾರೆ. ನಮ್ಮವರಿಗೆ ಬರ್ಲಿಕ್ಕೆ ಬಸ್ಸು ಕೊಟ್ಟದ್ದು ಅವರೇ ಅಲ್ವಾ. ಮುಂದಿನ ತಿಂಗಳು ನನ್ನ ಇಕಾಮಾ ಮುಗೀತದೆ. ಅವರ ಸಹಿ ಬೀಳದಿದ್ರೆ ಈ ದೇಶದಲ್ಲಿ ಇರೋ ಹಾಗಿಲ್ಲ. ಅವರೆದುರು ನಾನು ತಲೆಯೆತ್ತಿ ಕೂಗಿದ್ರೆ...” ಇಳಿಯುವಾಗ ತಾನಾಗಿಯೇ ಹೇಳಿದ: “ಬೊನಿಫಾಸಿಯೊ ಕೂಡ ಗೋಡೌನಿನಲ್ಲೇ ಕೆಲಸ ಮಾಡಿದವನಂತೆ ಸರ್. ಮಗಳು ಕಾಗದ ಬರೆದಿದ್ದಾಳೆ.”

ಶುಕ್ರವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮನೆಗೆಲಸದ ಹೆಂಗಸರು, ನರ್ಸುಗಳು, ಸುಲೈಬಿಯಾದಿಂದ ಬಸ್ಸಿನಲ್ಲಿ ಬಂದ ಗೋಡೌನಿನವರು. ಮ್ಯಾನೇಜರು ಮೊದಲ ಸಾಲಿನ ನಡುವೆ ಕುಳಿತಿದ್ದರು. ಪರದೆಯ ಮರೆಯಲ್ಲಿ ಗಂಡ ಡೋಲ್ಫಿಯ ಕೋಟಿಗೆ ಪಿನ್ನು ಚುಚ್ಚುತ್ತಿದ್ದ ಫೆಲ್ಸಿ, “ಮೀಸೆ ಮುಟ್ಬೇಡಿ, ಬಣ್ಣ ಹೋಗ್ತದೆ” ಎಂದಳು.

ಅಧಿಕಾರಿ ಸೆಡುಲಾ ಕೇಳುವ ದೃಶ್ಯ ಬಂತು. ಸೆಡುಲಾ ಎಂದರೆ ಸ್ಪೇನಿನವರಿಗೆ ತೆರಿಗೆ ಕಟ್ಟಿದ್ದಕ್ಕೆ ಗುರುತಿನ ಚೀಟಿ. ಕ್ರಾಂತಿ ಸಾರಿದ ದಿನ ಬೊನಿಫಾಸಿಯೊ ಮತ್ತು ಸಂಗಡಿಗರು ಅದನ್ನೇ ಹರಿದು ಎಸೆದಿದ್ದರು. ಆಗ ಎದುರಿಗೆ ಯಾವ ಅಧಿಕಾರಿಯೂ ಇರಲಿಲ್ಲ. ತೆರೇಸಿತಾ ನಾಟಕಕ್ಕೆಂದು ಅವನನ್ನು ಸೇರಿಸಿದ್ದಳು.

“ನಿನ್ನ ಸೆಡುಲಾ ಎಲ್ಲಿ?” ಡೋಲ್ಫಿ ಗುಡುಗಿದ.

ಲಿತೊ ಚೀಟಿ ಹೊರತೆಗೆದ. ಕಣ್ಣು ಮೊದಲ ಸಾಲಿಗೆ ಹೋಯಿತು, ತಕ್ಷಣ ಕೆಳಗಿಳಿಯಿತು. ತುಟಿಗಳು ಮತ್ತದೇ ಪದಕ್ಕೆ ಸಜ್ಜಾಗುತ್ತಿರುವುದು ಡೋಲ್ಫಿಗೆ ಕಾಣಿಸಿತು. ಇನ್ನೊಂದು ಕ್ಷಣ ಕಳೆದರೆ ಇಡೀ ಸಭಾಂಗಣ ನಗುತ್ತದೆ, ನೂರು ವರ್ಷಕ್ಕೊಮ್ಮೆ ಬರುವ ಈ ದಿನವೇ.

ಡೋಲ್ಫಿ, ತೆರೇಸಿತಾ ಬರೆದುಕೊಟ್ಟ ಮಾತನ್ನು ಬಿಟ್ಟ. ಒಂದು ಹೆಜ್ಜೆ ಮುಂದೆ ಬಂದು, ಗೋಡೌನಿನಲ್ಲಿ ದಿನ ಬೆಳಗಾದರೆ ಮ್ಯಾನೇಜರು ಮಾಡುವಂತೆಯೇ ಎರಡು ಸಲ ಚಪ್ಪಾಳೆ ತಟ್ಟಿದ. “ಯಲ್ಲಾ, ಹಿಮಾರ್. ಯಲ್ಲಾ.”

ಅರಬ್ಬಿಯಲ್ಲಿ ಯಲ್ಲಾ ಎಂದರೆ ನಡಿ, ಹಿಮಾರ್ ಎಂದರೆ ಕತ್ತೆ; ಮ್ಯಾನೇಜರು ಕೆಲಸದವರನ್ನು ಕರೆಯುತ್ತಿದ್ದುದು ಹಾಗೆಯೇ. ಬಸ್ಸಿನಲ್ಲಿ ಬಂದವರೆಲ್ಲ ಒಮ್ಮೆಲೇ ಮೊದಲ ಸಾಲಿನತ್ತ ತಿರುಗಿದರು. ಪರದೆಯ ಮರೆಯಲ್ಲಿ ಫೆಲ್ಸಿ ಬಾಯಿಗೆ ಕೈ ಅಡ್ಡ ಹಿಡಿದಳು.

ಲಿತೊ ತಲೆಯೆತ್ತಿದ. ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಎರಡಾಗಿ ಹರಿದ, ನಾಲ್ಕಾಗಿ ಹರಿದ, ಚೂರುಗಳನ್ನು ಅಧಿಕಾರಿಯ ಬೂಟಿನ ಮೇಲೆ ಬಿಟ್ಟ. ತನ್ನ ಭಾಷೆಯಲ್ಲಿ ಏನೋ ಹೇಳಿದ. ಕೂಗಲಿಲ್ಲ, ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು. ಮರುಕ್ಷಣ ಇಡೀ ಸಭಾಂಗಣ ಎದ್ದು ನಿಂತಿತ್ತು. ಹೆಂಗಸರು ಅಳುತ್ತಲೇ ಚಪ್ಪಾಳೆ ತಟ್ಟಿದರು. ಡೋಲ್ಫಿಯ ಕಡೆಗೆ ಯಾರೋ ಚಪ್ಪಲಿ ಎಸೆದರು.

“ಅವನು ಹೇಳಿದ್ದು ನಾನು ಬರೆದದ್ದಲ್ಲ,” ಆಮೇಲೆ ತೆರೇಸಿತಾ ಕಣ್ಣೊರೆಸಿಕೊಳ್ಳುತ್ತ ಡೋಲ್ಫಿಗೆ ಹೇಳಿದಳು. “‘ನನಗೊಂದು ಹೆಸರಿದೆ, ಅದನ್ನು ಹೇಳಿ ಕರೆ.’ ಅಷ್ಟೇ ಹೇಳಿದ್ದು.”

ಮನೆಗೆ ಹೋಗುವ ದಾರಿಯಲ್ಲಿ ಫೆಲ್ಸಿ ಕೇಳಿದಳು: “ನಮ್ಮ ಇಕಾಮಾಕ್ಕೂ ಮ್ಯಾನೇಜರದ್ದೇ ಸಹಿ ಬೇಕಲ್ಲ. ನೆನಪಾಗ್ಲಿಲ್ವಾ ನಿಮ್ಗೆ?”

“ನೆನಪಾಯ್ತು. ಬಾಯಿಂದ ಮಾತು ಹೊರಗೆ ಬಿದ್ದ ಮೇಲೆ.”

ಅವಳು ಅವನ ಕೋಟಿನಲ್ಲಿ ಉಳಿದಿದ್ದ ಪಿನ್ನೊಂದನ್ನು ಕಿತ್ತಳು. “ಆಗ್ಲಿ. ನಾನೂ ಎದ್ದು ನಿಂತಿದ್ದೆ” ಎಂದಳು.

ಶನಿವಾರ ಬೆಳಿಗ್ಗೆ ಎಂಟಕ್ಕೇ ಮ್ಯಾನೇಜರ ಕ್ಯಾಬಿನ್ನಿನಿಂದ ಕರೆ ಬಂತು. ಡೋಲ್ಫಿ ಬಾಗಿಲು ಮುಚ್ಚಿ ನಿಂತ.

“ಆ ಮಾತು ನಾಟಕದಲ್ಲಿತ್ತಾ?”

“ಇಲ್ಲ ಸರ್.”

“ಮತ್ತೆ ಎಲ್ಲಿ ಕಲಿತೆ?”

ಸುಳ್ಳು ಹೇಳಬಹುದಿತ್ತು. “ಇಲ್ಲೇ, ಸರ್” ಎಂದ ಡೋಲ್ಫಿ.

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಏಸಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಕೊನೆಗೆ ಮುಖವೆತ್ತದೆ ಹೇಳಿದರು: “ಹನ್ನೊಂದಕ್ಕೆ ಎರಡು ಕಂಟೇನರ್ ಬರ್ತವೆ. ಲಿತೊಗೆ ಹೇಳು. ಅವನ ಇಕಾಮಾದ ಕಾಗದ ಮಧ್ಯಾಹ್ನ ತಗೊಂಡು ಹೋಗಲಿ.”

ಆರು ವರ್ಷಗಳಲ್ಲಿ ಅವರ ಬಾಯಿಂದ ಆ ಹೆಸರನ್ನು ಡೋಲ್ಫಿ ಕೇಳಿದ್ದು ಅದೇ ಮೊದಲು.

ಬಾಗಿಲು ತೆರೆದು ಹೊರಗೆ ಬಂದ ಡೋಲ್ಫಿಗೆ ಏನೋ ಬೇರೆಯೆನ್ನಿಸಿತು. ಗೋಡೌನು ಇಷ್ಟು ನಿಶ್ಶಬ್ದವಾಗಿದ್ದನ್ನು ಅವನು ಕಂಡಿರಲೇ ಇಲ್ಲ. ಪೆಟ್ಟಿಗೆ ಎತ್ತುವ ಒಂಬತ್ತು ಫೋರ್ಕ್‌ಲಿಫ್ಟ್‌ಗಳೂ ಎಂಜಿನ್ ನಿಲ್ಲಿಸಿ ಕ್ಯಾಬಿನ್ನಿನ ಕಡೆ ಮುಖ ಮಾಡಿದ್ದವು. ಒಂದೊಂದರ ಪಕ್ಕದಲ್ಲೂ ಒಬ್ಬೊಬ್ಬ ಇಳಿದು, ಕೈಕಟ್ಟಿ, ನೆಟ್ಟಗೆ ನಿಂತಿದ್ದ. ಡೋಲ್ಫಿ ಒಳಗೆ ಹೋದಾಗಿನಿಂದ ಒಂದು ಪೆಟ್ಟಿಗೆಯೂ ಅಲುಗಿರಲಿಲ್ಲ.