ಎಡಗೈ ಎರಡು ಸಲ

ಮಾವ ಬಿದ್ದ, ಪರದೆಯೂ ಬಿತ್ತು, ನಗು ಮಾತ್ರ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಅಷ್ಟೇ. ಬೀಳಬೇಕಾದವನು ಒಬ್ಬ, ಬಿದ್ದು ಬಿದ್ದು ನಗಬೇಕಾದವರು ಆರುನೂರು ಜನ. ಹೊಸ ಮಾವ ತನ್ನ ಪಾಲಿನ ಕೆಲಸ ಮುಗಿಸಿ, ಮೊಣಕೈ ಉಜ್ಜಿಕೊಳ್ಳುತ್ತಾ ಎದ್ದ. ಎಡಗಡೆ ಪರದೆಯ ಮರೆಯಲ್ಲಿ ಕಾಯುತ್ತಿದ್ದ ಬಟ್ಟೆಯಕ್ಕ ಅವನ ಕೋಟು ಬಿಚ್ಚಿಕೊಂಡಳು. ಮ್ಯಾನೇಜರು ಬಂದು, ಭಾನುವಾರ ಮಧ್ಯಾಹ್ನದ ಆಟದಲ್ಲೂ ಹೀಗೇ ಆದರೆ ಏಳನೇ ಮಾವನನ್ನು ಹುಡುಕಬೇಕಾಗುತ್ತದೆ ಎಂದು ಅವನಿಗೂ, ಅಳತೆ ಟೇಪು ಕೈಗೆ ಸಿಗುವಂತಿರಲಿ ಎಂದು ಅವಳಿಗೂ ಹೇಳಿ ಹೋದರು.

ಹತ್ತೊಂಬತ್ತು ವರ್ಷದಿಂದ ನಡೆಯುತ್ತಿರುವ ಹಾಸ್ಯದ ಸಂಗೀತ ನಾಟಕ ಅದು. ಮೊದಲ ನಾಯಕಿಯ ಮಗಳು ಈಗ ನಾಯಕಿಯ ತಂಗಿ. ಅಳಿಯಂದಿರು ನಾಲ್ವರಾದರು, ಮಾವಂದಿರು ಆರು ಜನ, ಈಗಿನ ಮ್ಯಾನೇಜರೇ ಮೂರನೆಯವರು. ಬದಲಾಗದೆ ಉಳಿದದ್ದು ಮಾವನ ಕಂದು ಕೋಟು, ಅದನ್ನು ಒಬ್ಬೊಬ್ಬ ಮಾವನ ಹೊಟ್ಟೆಗೂ ಬಿಚ್ಚಿ ಹೊಲಿಯುವ ಬಟ್ಟೆಯಕ್ಕ, ಮತ್ತೆ ಮ್ಯಾನೇಜರ ಕಂಕುಳಿನ ದಪ್ಪ ಪುಸ್ತಕ. ಎಲ್ಲೆಲ್ಲಿ ಜನ ನಕ್ಕರೋ ಅದನ್ನೆಲ್ಲ ಆ ಪುಸ್ತಕದಲ್ಲಿ ಬರೆದಿಡುವುದು ರೂಢಿ. ಬರೆದದ್ದನ್ನು ಮುಂದೆ ಬಂದವರು ಚಾಚೂ ತಪ್ಪದೆ ಮಾಡಬೇಕು. ಎರಡನೇ ಅಂಕದ ಕೊನೆಯ ಹಾಳೆಯಲ್ಲಿ ಹೀಗಿತ್ತು: ‘ಮಾವ ಮೇಲಿನ ಸ್ವರ ಹಿಡಿದು ಬೀಳಬೇಕು. ಎಡಗೈ ಎರಡು ಸಲ ಪರದೆಯ ಕಡೆ ಚಾಚಬೇಕು. ಭಾರೀ ನಗು.’

ಹೊಸ ಮಾವ ಮಿಮಿಕ್ರಿಯವನು. ಅಂಗಡಿ ಉದ್ಘಾಟನೆಗಳಲ್ಲಿ ನಾಯಿ, ರೈಲು, ಮಂತ್ರಿ ಮೂವರನ್ನೂ ಒಂದೇ ಗಂಟಲಲ್ಲಿ ಬೊಗಳಿಸಿ ಬಂದವನು. ದಿನಾ ಹೋಗಿ ಬರುವಂಥ ಕೆಲಸ ಸಿಕ್ಕಿದ್ದು ಇದೇ ಮೊದಲು. ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಐದನೇ ಮಾವನ ಹಾಗೆ ಬಿದ್ದು ನೋಡಿದ, ನಾಲ್ಕನೆಯವನ ಹಾಗೂ ಬಿದ್ದು ನೋಡಿದ. ಎಲ್ಲ ನಕಲಿನ ನಕಲು, ಮಸಿ ತೀರಿದ ಕಾರ್ಬನ್ ಕಾಗದ. ಶನಿವಾರ ಬಟ್ಟೆ ಕೋಣೆಗೇ ಬಂದು ಕೂತ.

“ಅಕ್ಕ, ಮೊದಲನೇ ಮಾವನ್ನ ನೋಡಿರೋರು ನೀವೊಬ್ರೇ. ಅವ್ರು ಹೇಗೆ ಬೀಳ್ತಿದ್ರು?”

“ಬೀಳ್ತಿರಲಿಲ್ಲ,” ಬಟ್ಟೆಯಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಒಂದೇ ಸಲ ಬಿದ್ದಿದ್ದು. ನಮ್ಮ ಯಜಮಾನ್ರು ಅವ್ರು.”

ಹೊಸ ಮಾವ ಕೂತಲ್ಲಿಂದ ಎದ್ದ. ಅವಳು ಕೋಟಿನ ಕಾಲರು ತಿದ್ದುತ್ತಲೇ ಹೇಳಿದಳು. ನಾಟಕ ಶುರುವಾಗಿ ಎರಡು ವರ್ಷವಾಗಿತ್ತು. ಹಾಡು ಮುಗಿಸಿ ನಿಂತೇ ಇರಬೇಕಿತ್ತಂತೆ. ಮೇಲಿನ ಸ್ವರಕ್ಕೆ ಹೋದವರು ಅಲ್ಲಿಂದ ಇಳಿಯಲಿಲ್ಲ, ಎದೆಬಡಿತ ನಿಂತುಹೋಯಿತು. ಜನ ಚಪ್ಪಾಳೆ ತಟ್ಟಿ ನಕ್ಕರು. ಆಗಿನ ಮ್ಯಾನೇಜರು ಗೊತ್ತಾಗದೆ ಪುಸ್ತಕದಲ್ಲಿ ಬರೆದುಕೊಂಡರು. ಗೊತ್ತಾದ ಮೇಲೆ ಅಳಿಸಬಹುದಿತ್ತು. ಅಷ್ಟರಲ್ಲಿ ‘ಆ ಬೀಳೋದು ಇದೆಯಾ’ ಎಂದು ಕೇಳಿ ಕೇಳಿ ಜನ ಟಿಕೆಟ್ ತೆಗೆಯುತ್ತಿದ್ದರು.

“ನೀವೆಲ್ಲಿದ್ರಿ ಅವಾಗ?”

“ಅಲ್ಲೇ, ಎಡಗಡೆ. ನಾನೂ ನಕ್ಕೆ.” ಬಟ್ಟೆಯಕ್ಕ ಕೋಟಿನ ಎಡತೋಳನ್ನು ಅಂಗೈಯಿಂದ ನೀವಿದಳು. “ಮನೇಲೂ ಹಾಗೇ ಕಣಪ್ಪ, ಸತ್ತವ್ರ ಹಾಗೆ ಬಿದ್ಕೊಂಡು, ಕೈ ಚಾಚಿ ಕರ್ದು, ನಾನು ಓಡಿ ಬರೋ ಹಾಗೆ ಮಾಡೋರು. ಎಷ್ಟು ಸಲಾಂತ ಓಡೋದು, ಕರೀಲಿ ಬಿಡು ಅಂದ್ಕೊಂಡೆ. ಪುಸ್ತಕದಲ್ಲಿ ಎರಡು ಸಲ ಅಂತಿದೆಯಲ್ಲ, ತಪ್ಪು. ಮೂರು ಸಲ.”

ಅರವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು, ನೂಲಿನ ಚೂರುಗಳು ಬಿದ್ದಿದ್ದ ನೆಲದ ಮೇಲೆ ಮಲಗಿ ತೋರಿಸಿದಳು. ಎರಡು ಸಲ ತೋಳು ಚಾಚಿತು. ಮೂರನೇ ಸಲ ತೋಳು ಏಳಲಿಲ್ಲ, ಬೆರಳುಗಳಷ್ಟೇ ಒಳಕ್ಕೆ ಮಡಿಸಿಕೊಂಡವು, ಬಾ ಎನ್ನುವ ಹಾಗೆ. ಎಲ್ಲರನ್ನೂ ಅಣಕಿಸುವವನು ಅದನ್ನು ಅಣಕಿಸದೆ ನೋಡುತ್ತಾ ನಿಂತ. ಆಮೇಲೆ, ಬೇಡವೆಂದರೆ ಮಾಡುವುದಿಲ್ಲ ಎಂದ.

“ಮಾಡು,” ಎಂದಳು ಬಟ್ಟೆಯಕ್ಕ, ಅವನ ಕೈ ಹಿಡಿದು ಎದ್ದು. “ಇನ್ನೊಬ್ಬನ ಅಳತೆಗೆ ಈ ಕೋಟು ಬಿಚ್ಚಿದ್ರೆ ಬಟ್ಟೆ ತಡ್ಯಲ್ಲ.”

ಭಾನುವಾರ ಹೊಸ ಮಾವ ಮೇಲಿನ ಸ್ವರ ಹಿಡಿದು ಬಿದ್ದ. ಒಂದು ಸಲ ಕೈ ಚಾಚಿದ. ಅಲ್ಲೊಂದು ಇಲ್ಲೊಂದು ನಗು ಚಿಮ್ಮಿತು. ಎರಡನೇ ಸಲ ಚಾಚಿದ. ಮೂರನೇ ಸಲ ಬೆರಳುಗಳು ಮಡಿಸಿಕೊಂಡವು. ಹದಿನೇಳು ವರ್ಷದಿಂದ ಪರದೆಯ ಮರೆಯಲ್ಲೇ ನಿಂತು ನೋಡುತ್ತಿದ್ದ ಬಟ್ಟೆಯಕ್ಕ ಕೊರಳಿನ ಟೇಪು ನೇತಾಡುತ್ತಿದ್ದ ಹಾಗೆಯೇ ಬೆಳಕಿನೊಳಕ್ಕೆ ಓಡಿದಳು. ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು, ಕೂಗಲಾಗಲಿಲ್ಲ. ಮಂಡಿಯೂರಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆರುನೂರು ಜನ ಬಿದ್ದು ಬಿದ್ದು ನಕ್ಕರು.

ಪರದೆ ಬಿದ್ದರೂ ಆಚೆಯ ನಗು ನಿಂತಿರಲಿಲ್ಲ. ತನಗೇನೂ ಆಗಿಲ್ಲವೆಂದು ಹೊಸ ಮಾವ ಮತ್ತೆ ಮತ್ತೆ ಪಿಸುಗುಟ್ಟುತ್ತಿದ್ದ. ಅವಳು ಕೈ ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ. ಮ್ಯಾನೇಜರು ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತಾ ಬಂದು, ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮಂಡಿಯ ಮೇಲೆ ಪುಸ್ತಕ ತೆರೆದು ಬರೆದುಕೊಂಡರು.

“ತುಂಬಾ ಚೆನ್ನಾಗಿತ್ತು ಅಕ್ಕ,” ಎಂದರು. “ಸ್ವಲ್ಪ ತಡ ಮಾಡಿದ್ರಿ, ಅಷ್ಟೇ. ನಾಳೆಯಿಂದ ಮಾವ ಎರಡನೇ ಸಲ ಕರೆದಾಗಲೇ ಬಂದ್ಬಿಡಿ.”